ಸೇತುವೆಗೆ ಮೊದಲೋ, ಆಮೇಲೋ

ಅರ್ಲೀನ್ ಟ್ಯಾಕೆಟ್ ನಮ್ಮ ಸೇನಾನೆಲೆಯಲ್ಲಿ ಇಪ್ಪತ್ತಾರು ವರ್ಷ ಶಾಲಾ ಬಸ್ ಓಡಿಸಿದಳು. ಅವಳ ಹಿಂದೆ ಬರುವ ಬಸ್ಸು ಓಡಿಸುವವನು ನಾನು. ಇಷ್ಟು ದಿನದಲ್ಲಿ ಅವಳ ಬಾಯಿಂದ ಒಂದು ಸುಳ್ಳೂ ಕೇಳಿರಲಿಲ್ಲ. ಹಿಡಿದ ಮೀನಿನ ಉದ್ದವನ್ನೂ ಟೇಪು ಇಟ್ಟು ಅಳೆದೇ ಹೇಳುವವಳು. ನನ್ನ ಹೆಂಡತಿ ಮಾಡಿಕೊಟ್ಟ ಪೀಕನ್ ಪೈ ಎಂಬ ಸಿಹಿಯನ್ನು ಎಲ್ಲರೂ ಹೊಗಳಿದರೆ ಇವಳೊಬ್ಬಳು ತಳ ಸೀದಿದೆ ಎಂದಳು. ಎರಡು ವರ್ಷ ನಮ್ಮ ಮನೆಯಲ್ಲಿ ಅವಳ ಹೆಸರೆತ್ತುವಂತಿರಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ.

ಅಕ್ಟೋಬರಿನ ಒಂದು ಮಧ್ಯಾಹ್ನ ಅವಳ ಬಸ್ಸಿನಲ್ಲಿ ಹದಿಮೂರರ ಕೋಲ್ಬಿ, ಹತ್ತು ವರ್ಷದ ಮರಿಸೋಲಳ ಬಾಯಿಗೆ ಸ್ಟೀಲಿನ ನೀರಿನ ಬಾಟಲಿ ಬೀಸಿದ. ಎರಡು ಹಲ್ಲು ಬಿದ್ದವು. ಕಾರಣವೇ ಇರಲಿಲ್ಲ. ಅವಳು ಕಿಟಕಿಯಾಚೆ ನೋಡುತ್ತ ಕೂತಿದ್ದಳಷ್ಟೆ.

ತನಿಖೆಗೆ ಬಂದವನು ಯಾಕೆ ಹೊಡೆದ, ಹೇಗೆ ಹೊಡೆದ ಎಂದು ಕೇಳಲಿಲ್ಲ. ಸೇತುವೆಗೆ ಮೊದಲೋ, ಆಮೇಲೋ ಎಂದು ಕೇಳಿದ. ನೆಲೆಯ ನಡುವೆ ಒಂದು ಹಳ್ಳ ಹರಿಯುತ್ತದೆ, ಸೇತುವೆ ಇರುವುದು ಅದರ ಮೇಲೆ. ಈಚೆಯ ನೆಲವನ್ನು ಯುದ್ಧಕಾಲದಲ್ಲಿ ಕೇಂದ್ರ ಸರ್ಕಾರ ಪೂರ್ತಿ ತನ್ನದಾಗಿಸಿಕೊಂಡಿತ್ತು. ಅಲ್ಲಿ ರಾಜ್ಯದ ಮಕ್ಕಳ ನ್ಯಾಯಾಲಯ ಕಾಲಿಡುವಂತಿಲ್ಲ. ಕೇಂದ್ರಕ್ಕೆ ಮಕ್ಕಳ ನ್ಯಾಯಾಲಯವೇ ಇಲ್ಲ. ಆಚೆಯ ನೆಲ ಆಮೇಲೆ ಕೊಂಡದ್ದು, ಅಲ್ಲಿ ರಾಜ್ಯದ ಮಾತೂ ನಡೆಯುತ್ತದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನುತ್ತಾರೆ. ಇಲ್ಲಿ ಜಗಳವೂ ಇರಲಿಲ್ಲ, ಈಚೆಯ ಕೂಸು ಇಬ್ಬರಿಗೂ ಬೇಡವಾಗಿತ್ತು.

ಸೇತುವೆಗೆ ಮೊದಲು, ಅಗ್ನಿಶಾಮಕ ಠಾಣೆಯ ಎದುರು ಎಂದು ಅರ್ಲೀನ್ ಬರೆದು ಸಹಿ ಹಾಕಿದಳು. ಪ್ರಕರಣ ಅಲ್ಲಿಗೇ ಮುಗಿಯಿತು. ಮರಿಸೋಲಳ ಅಪ್ಪ, ಸೈನಿಕರ ಊಟದ ಮನೆಯ ಅಡುಗೆಯವನು, ಮಗಳ ಹಲ್ಲುಗಳನ್ನು ಕಾಗದದ ಲೋಟದಲ್ಲಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದ.

ಮರುದಿನ ಕೋಲ್ಬಿಯ ತಾಯಿ, ಸಾರ್ಜೆಂಟ್ ಶವೋನ್ ರಿಡ್ಲಿ, ಬಸ್ ಡಿಪೋಗೆ ಬಂದಳು. ಮಗ ತಪ್ಪಿಸಿಕೊಂಡನಲ್ಲ, ಧನ್ಯವಾದ ಹೇಳಲು ಬಂದಿರಬೇಕೆಂದು ನಾನು ಮುಖ ತಿರುಗಿಸಿದೆ.

"ಮಿಸ್ ಅರ್ಲೀನ್, ಸೇತುವೆ ದಾಟಿದ್ಮೇಲೆ ಆಯ್ತು ಅಂತ ಬದಲಾಯಿಸಿ ಹೇಳ್ತೀರಾ?" ಎಂದಳು.

ನಾವಿಬ್ಬರೂ ಕಕ್ಕಾಬಿಕ್ಕಿಯಾದೆವು. ತನ್ನ ಮಗನನ್ನೇ ಕೋರ್ಟಿಗೆ ಎಳೆಯಿರಿ ಎಂದು ಬೇಡುವ ತಾಯಿಯನ್ನು ನಾನು ಕಂಡಿರಲಿಲ್ಲ.

"ಎರಡು ವರ್ಷದಿಂದ ಕಂಡಕಂಡೋರ ಕಾಲು ಹಿಡಿದಿದ್ದೀನಿ. ರಾಜ್ಯದ ಜಡ್ಜ್ ಹೇಳಿದ್ರೆ ಅವನಿಗೆ ಡಾಕ್ಟರ್ ಸಿಗ್ತಾರೆ, ದಿನಾ ನೋಡ್ಕೊಳ್ಳೋರು ಸಿಗ್ತಾರೆ. ನನ್ನ ಕೈಲಿ ಆಗ್ತಿಲ್ಲ. ಅವನನ್ನ ಕಂಡ್ರೆ ನಂಗೇ ಭಯ."

"ಆಗದೇ ಇರೋದನ್ನ ಆಯ್ತು ಅಂತ ಹೇಗಮ್ಮಾ ಹೇಳ್ಲಿ?" ಎಂದಳು ಅರ್ಲೀನ್.

ನೆಲೆಯ ಕಮಾಂಡರಿಗೆ ಉಳಿದದ್ದು ಒಂದೇ ದಾರಿ. ಹುಡುಗ ಒಳಗೆ ಕಾಲಿಡಬಾರದೆಂದು ಆದೇಶ ಹೊರಡಿಸಿ ಕೈ ತೊಳೆದುಕೊಂಡರು. ತಾಯಿ ಮಗ ಊರಲ್ಲಿ ಬಾಡಿಗೆ ಮನೆ ಹಿಡಿದರು. ಜನವರಿಯಲ್ಲಿ ಅವನು ಕುದಿಯುವ ನೀರಿನ ಪಾತ್ರೆಯನ್ನು ತಾಯಿಯ ಮೇಲೆ ಎತ್ತಿ ಹಾಕಿದ. ಕುತ್ತಿಗೆಯಿಂದ ಮೊಣಕೈವರೆಗೆ ಸುಟ್ಟಿತು. ಆ ಮನೆ ರಾಜ್ಯದ ನೆಲದಲ್ಲಿತ್ತು. ಅದೇ ವಾರ ಜಡ್ಜ್ ಸಿಕ್ಕರು, ಡಾಕ್ಟರ್ ಸಿಕ್ಕರು, ಆಕೆ ಬೇಡಿದ್ದೆಲ್ಲ ಸಿಕ್ಕಿತು. ಸುದ್ದಿ ಕೇಳಿ ಅರ್ಲೀನ್ ತಾನು ಸಹಿ ಹಾಕಿದ್ದ ಹೇಳಿಕೆಯ ನಕಲನ್ನು ತೆಗೆದು ಮತ್ತೆ ಓದಿದಳು.

ನೆಲೆಯ ಮಕ್ಕಳ ಮೇಲೆ ಕೇಂದ್ರಕ್ಕೂ ರಾಜ್ಯಕ್ಕೂ ಸೇರಿ ಅಧಿಕಾರ ಇರಬೇಕೆಂಬ ಮಸೂದೆ ವಸಂತದಲ್ಲಿ ರಾಜ್ಯದ ರಾಜಧಾನಿಯಲ್ಲಿ ಶಾಸಕರ ಸಮಿತಿಯ ಮುಂದೆ ಬಂತು. ಅರ್ಲೀನ್ ಸಾಕ್ಷಿ ಹೇಳಲು ಹೋದಳು, ಕಾರು ನಾನೇ ಓಡಿಸಿದೆ. ಶವೋನ್ ಎದುರು ಸಾಲಿನಲ್ಲಿ ತೋಳಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದಳು. ಅರ್ಲೀನ್ ಬೈಬಲ್ ಮುಟ್ಟಿ ಪ್ರಮಾಣ ಮಾಡಿ ನಡೆದದ್ದನ್ನೆಲ್ಲ ಹೇಳಿದಳು. ಸದಸ್ಯನೊಬ್ಬ ಕನ್ನಡಕ ತೆಗೆದು, ಈ ಕಾನೂನು ಬಾರದೇ ಹೋಗಿ ನಾಳೆ ಮತ್ತೆ ಹೀಗೇ ಆದರೆ ಏನು ಬರೆಯುತ್ತೀರಿ ಎಂದು ಕೇಳಿದ.

"ಸೇತುವೆ ದಾಟಿದ್ಮೇಲೆ ಅಂತ ಸುಳ್ಳು ಬರೀತೀನಿ," ಎಂದಳು ಅರ್ಲೀನ್. "ಬೇಕಿದ್ರೆ ನನ್ನನ್ನ ಜೈಲಿಗೆ ಹಾಕಿ."