ರುಚಿ ನೋಡಲು ಕಲಿತ ಪುರಂದರ

ಲಂಡನ್ನಿನ ಮೇಫೇರ್‌ನ ಒಂದು ದುಬಾರಿ ಚೀನೀ ರೆಸ್ಟೋರೆಂಟಿನ ನೆಲಮಾಳಿಗೆಯಲ್ಲಿ ಬೆಳಗಿನ ಏಳಕ್ಕೇ ಆವಿ ಏಳುತ್ತಿದೆ. ಪುರಂದರ ದೇವಾಡಿಗ ಗೋಧಿಪಿಷ್ಟಕ್ಕೆ ಕುದಿನೀರು ಸುರಿದು, ಕೈ ಸುಡುತ್ತಿದ್ದರೂ ನಾದುತ್ತಿದ್ದಾರೆ. ಮೊಂಡು ಕತ್ತಿಗೆ ಎಣ್ಣೆ ಸವರಿ ಉಂಡೆಯನ್ನು ಒತ್ತಿದರೆ ಆಚೆ ಬದಿಯ ಬೆರಳು ಕಾಣುವಷ್ಟು ತೆಳು ಹಾಳೆ. ಅದರೊಳಗೆ ಸಿಗಡಿ, ಮೇಲೆ ಸೀರೆಯ ನೆರಿಗೆಯಂಥ ಮಡಿಕೆ. ಶನಿವಾರವಾದರೆ ಇಂಥ ಆರುನೂರು ಡಂಪ್ಲಿಂಗ್, ಅಂದರೆ ಚೀನೀ ಕಡುಬು, ಇವರ ಕೈಯಿಂದಲೇ ಹೋಗಬೇಕು. ಮೇಲೆ ಕೂತು ತಿನ್ನುವವರು ಹೊಗಳುವುದು ಹಾಂಗ್‌ಕಾಂಗ್‌ನ ಬಾಣಸಿಗರನ್ನು. ಕುಂದಾಪುರದವರ ಕೈ ಇದು ಅಂತ ಯಾರಿಗೆ ಗೊತ್ತು!

"ನಮ್ಮನಿಯಂಗೆ ಕಡುಬಿನ ಹಿಟ್ಟೂ ಹೀಂಗೇ ಬಿಸಿ ಬಿಸಿ ನಾದೂದ್ ಮಾರ್ರೆ. ನಂಗ್ ಇದ್ ಹೊಸ್ತಲ್ಲ," ಎನ್ನುತ್ತಾರೆ ಪುರಂದರ.

ಅವರು ಲಂಡನ್ನಿಗೆ ಬಂದದ್ದು 1997ರಲ್ಲಿ, ವೆಂಬ್ಲಿಯ ಉಡುಪಿ ಹೋಟೆಲಿನ ಅಡುಗೆಯವರಾಗಿ. ಅದು ಮುಚ್ಚಿದಾಗ ಇಲ್ಲಿ ಪಾತ್ರೆ ತೊಳೆಯಲು ಸೇರಿದರು. ಹಿಟ್ಟು ನಾದುವವನೊಬ್ಬ ಬಾರದ ದಿನ ಮುಖ್ಯ ಬಾಣಸಿಗ ಲಾಮ್ ಇವರ ಕೈಗುಣ ನೋಡಿ ಡಂಪ್ಲಿಂಗ್ ಮೇಜಿಗೆ ಕರೆದುಕೊಂಡರು.

ಎಡವಟ್ಟಾದದ್ದು ಆಮೇಲೆ. ಒಂದು ಭಾನುವಾರ ಅಣಬೆಯ ಹೂರಣಕ್ಕೆ ಉಪ್ಪೇ ಬಿದ್ದಿರಲಿಲ್ಲ. ಮೇಲಿಂದ ಡಂಪ್ಲಿಂಗ್ ಬುಟ್ಟಿಗಳು ವಾಪಸ್ ಬಂದವು. "ರುಚಿ ನೋಡಲಿಲ್ಲವೇ?" ಎಂದು ಲಾಮ್ ಕೂಗಾಡಿದರು. ನೋಡಿರಲಿಲ್ಲ. ಒಲೆಯ ಮುಂದೆ ನಿಂತು ಪುರಂದರ ಎಂದೂ ರುಚಿ ನೋಡಿದವರೇ ಅಲ್ಲ. ದೇವರಿಗಿಡುವ ಮುಂಚೆ ಅಡುಗೆಯವ ಬಾಯಿಗೆ ಹಾಕಿದರೆ ಎಲ್ಲ ಎಂಜಲು, ಪರಿಮಳದಲ್ಲೇ ಉಪ್ಪು ಹುಳಿ ತಿಳಿಯಬೇಕು ಎಂದು ಕಲಿಸಿದವರು ತಾಯಿ. ಲಾಮ್‌ಗೆ ಅದೆಲ್ಲ ಬೇಕಿರಲಿಲ್ಲ. ರುಚಿ ನೋಡುವುದಾದರೆ ಬಾ ಎಂದು ಮತ್ತೆ ಪಾತ್ರೆ ತೊಳೆಯಲು ಅಟ್ಟಿದರು.

"ಎಂತ ಮಾಡೂದ್? ಹೊಟ್ಟಿಪಾಡ್. ವಾರ ಕಳ್ದ್ ಹೋಯಿ, ಚಮಚ ಕೊಡಿ ಅಂದೆ."

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಪುರಂದರರದ್ದು ವಾರದಲ್ಲೇ ಹೋಯಿತು ನೋಡಿ! ಈಗ ಹೂರಣ ಕಂಡರೆ ಸಾಕು, ಕೈ ತಾನಾಗಿ ಬಾಯಿಗೆ ಹೋಗುತ್ತದೆ. ಮೇಜಿನ ಕೆಲಸವೂ ಗಟ್ಟಿಯಾಯಿತು.

ಪೆಟ್ಟು ಬಿದ್ದದ್ದು ಕಿಂಗ್ಸ್‌ಬರಿಯ ಮನೆಯಲ್ಲಿ, ಹೋದ ವರ್ಷದ ಚೌತಿಯ ದಿನ. ಹೆಂಡತಿ ಚಂಪಾ ಆ ಕಥೆಯನ್ನು ಈಗಲೂ ಸಿಟ್ಟಿನಿಂದಲೇ ಹೇಳುತ್ತಾರೆ.

"ಕಾಯಿಬೆಲ್ಲದ ಹೂರಣ ಬಾಯಿಗ್ ಹಾಕ್ಕಂಡ್ ಚಪ್ಪರಿಸ್ತಿದ್ರ್ ಕಾಣಿ, ದೇವ್ರ್ ಎದ್ರಿಗೇ! ಎಲ್ಲ ಮತ್ತೆ ಹೊಸ್ತಾಯಿ ಮಾಡ್ಕಾಯ್ತ್. ಹ್ವಾಯ್, ನೀವ್ ಹೊರಗ್ ಕೂಕಣಿ ಅಂದೆ."

ಅಂದಿನಿಂದ ಹಬ್ಬದ ದಿನ ಪುರಂದರರಿಗೆ ಅಡುಗೆಮನೆ ಬಂದ್. ದೀಪಾವಳಿಗೂ ಇಲ್ಲ, ಯುಗಾದಿಗೂ ಇಲ್ಲ. ಊರೆಲ್ಲ ತಿನ್ನುವ ಕಡುಬು ಮಾಡುವವರು ಮನೆಯಲ್ಲಿ ಟಿವಿ ಮುಂದೆ ಕೂರುತ್ತಾರೆ. ಕೇಳಿ ನನಗೆ ನಗುವೂ ಬಂತು, ಅಯ್ಯೋ ಪಾಪ ಅಂತಲೂ ಅನಿಸಿತು. ತಮ್ಮ ಕಡುಬು ಆವಿಯಲ್ಲಿ ಒಡೆಯುತ್ತದೆ, ಗಂಡನದು ಒಡೆಯುವುದಿಲ್ಲ ಎಂದು ಚಂಪಾ ಒಪ್ಪುತ್ತಾರೆ. ಆದರೂ ಒಳಗೆ ಬಿಡಲು ಹೆದರಿಕೆ.

ಬರುವ ಬುಧವಾರ ಮತ್ತೆ ಚೌತಿ. ಪುರಂದರ ಲಾಮ್ ಹತ್ತಿರ ರಜೆ ಕೇಳಿ ಪಡೆದಿದ್ದಾರೆ. ಹೆಂಡತಿಯ ಅಪ್ಪಣೆ ಇನ್ನೂ ಸಿಕ್ಕಿಲ್ಲ. ಅವರ ಮನೆಯಲ್ಲಿ ಕೂತು, ಏನಾದರೂ ಆಸೆ ಇದೆಯೇ ಎಂದು ಕೇಳಿದೆ. ಅವರು ಚಂಪಾರತ್ತ ನೋಡಿಯೇ ಉತ್ತರ ಕೊಟ್ಟರು.

"ಬಾಯಿಗ್ ಬಟ್ಟಿ ಕಟ್ಕಂಡ್ ಕೂಕಂತೆ ಅಂತ ಇವ್ಳಿಗ್ ಹೇಳಿದೆ. ಒಂದ್ ಕಡುಬಾರೂ ನನ್ ಕೈಯಾರೆ ದೇವ್ರಿಗ್ ಇಡ್ಕ್. ಬೆಲ್ಲ ಹೆಚ್ಚಾಯ್ತಾ, ಕಡಿಮಿ ಆಯ್ತಾ, ಅದನ್ ಅವ್ನೇ ಕಾಣ್ಲಿ."