ಒಂದು ಒಲೆ, ಒಂದು ಕುಟುಂಬ

ಹೈಸ್ಕೂಲಿನಲ್ಲಿ ನನಗೆ ಗಣಿತ ಬರುತ್ತಿರಲಿಲ್ಲ, ಇಂಗ್ಲಿಷಿನ ಮಾತೇ ಬೇಡ. ಆದರೆ ಸಮಾಜ ಪಾಠದಲ್ಲಿ ‘ವ್ಯಾಖ್ಯೆ ಬರೆಯಿರಿ’ ಎಂಬ ಪ್ರಶ್ನೆ ಬಂದರೆ ಪೂರ್ತಿ ಅಂಕ ನನ್ನವೇ. ಸಮಾಜ, ಸಂಸ್ಕೃತಿ, ಧರ್ಮ, ಕುಟುಂಬ, ಒಂದೊಂದಕ್ಕೆ ಎರಡೆರಡು ಸಾಲು. ಬಾಯಿಪಾಠ ಮಾಡಿ ಹೋಗಿ ಬರೆದು ಬರುತ್ತಿದ್ದೆ. ಇಷ್ಟು ದೊಡ್ಡ ಸಂಗತಿಗಳು ಎರಡು ಸಾಲಿನಲ್ಲಿ ಹೇಗೆ ಹಿಡಿಸುತ್ತವೆ ಎಂಬ ಅನುಮಾನ ಆಗಲೇ ಬರಬೇಕಿತ್ತು. ಬಂದದ್ದು ಅರವತ್ತೆಂಟರ ವಯಸ್ಸಿನಲ್ಲಿ, ಅದೂ ಮಾಡಬಾರದ್ದನ್ನು ಮಾಡಿ ಮುಗಿಸಿದ ಮೇಲೆ.

ತೊಗರಿಗೆ, ಕುಡುಗೋಲಿಗೆ ವ್ಯಾಖ್ಯೆ ಬೇಕಾಗುವುದಿಲ್ಲ, ತೋರಿಸಿದರೆ ಸಾಕು. ಬೆರಳು ಮಾಡಿ ತೋರಿಸಲು ಬಾರದವಕ್ಕೇ ಈ ಉಪದ್ವ್ಯಾಪವೆಲ್ಲ. ‘ಮರ್ಯಾದೆ’ ಎಂದರೇನು ಎಂದು ನಮ್ಮೂರಿನ ಕಟ್ಟೆಯ ಮೇಲೆ ಕೂತವರನ್ನು ಕೇಳಿ ನೋಡಿ. ಒಬ್ಬ ತನ್ನ ತಲೆಯ ಮೇಲಿನ ಟೋಪಿ ಮುಟ್ಟಿಕೊಳ್ಳುತ್ತಾನೆ. ಇನ್ನೊಬ್ಬ ಮಗಳನ್ನು ಕೊಟ್ಟ ಮನೆಯ ಹೆಸರು ಹೇಳುತ್ತಾನೆ. ಮೂರನೆಯವ ಎದ್ದೇ ಹೋಗುತ್ತಾನೆ. ಹಾಗೆ ಕೇಳಿದ್ದೇ ಅವನಿಗೆ ಅವಮರ್ಯಾದೆ.

ನನ್ನ ಊರು ಹುಮನಾಬಾದ ತಾಲ್ಲೂಕಿನ ಹುಡಗಿ. ಅನ್ನ ಹಾಕಿದ್ದು ಬಸವಕಲ್ಯಾಣದ ಒಂದು ಸಣ್ಣ ಪ್ರಿಂಟಿಂಗ್ ಪ್ರೆಸ್. ಮೊದಲು ಅಕ್ಷರದ ಮೊಳೆ ಜೋಡಿಸುತ್ತಿದ್ದೆ, ಕಂಪ್ಯೂಟರ್ ಬಂದ ಮೇಲೆ ತಪ್ಪು ತಿದ್ದುತ್ತಿದ್ದೆ. ಹತ್ತರಲ್ಲಿ ಎಂಟು ಕೆಲಸ ಲಗ್ನಪತ್ರಿಕೆಯವು. ಪತ್ರಿಕೆಯ ಕೆಳಗೆ ‘ತಮ್ಮ ಸುಖಾಗಮನ ಬಯಸುವವರು’ ಎಂದು ಹೆಸರುಗಳ ಪಟ್ಟಿ ಇರುತ್ತದಲ್ಲ, ಜಗಳವೆಲ್ಲ ಅಲ್ಲಿ. ಯಾರು ಕುಟುಂಬದವರು, ಯಾರು ಅಲ್ಲ ಎಂಬುದು ಕೋರ್ಟಿನಲ್ಲಿ ತೀರ್ಮಾನವಾಗುತ್ತದೆ ಎಂದು ನೀವು ತಿಳಿದಿದ್ದರೆ ಒಂದು ದಿನ ಪ್ರೆಸ್ಸಿನಲ್ಲಿ ಕೂತು ನೋಡಬೇಕು.

ಒಮ್ಮೆ ಕೊಹಿನೂರದಿಂದ ಬಂದ ಒಬ್ಬ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. “ನಮ್ಮ ಸಣ್ಣ ಕಾಕಾನ ಹೆಸರು ಬಿಟ್ರ ಅವ ಮಂಟಪಕ್ಕ ಬೆಂಕಿ ಹಚ್ತಾನ್ರಿ” ಎಂದ.

“ಹಾಕಿದ್ರಾತು ಬಿಡ್ರಿ” ಎಂದೆ.

“ಹಾಕಿದ್ರ ನಮ್ಮಪ್ಪ ಹಚ್ತಾನ್ರಿ.”

ನಾನು ಕೇಳಿದೆ: “ಮನ್ಯಾಗ ಒಲಿ ಒಂದೋ, ಎರಡೋ?”

“ಎರಡ್ರಿ.”

“ಹಂಗಿದ್ರ ಕಾಕಾಗ ಪತ್ರಿಕಾ ಕೊಡ್ರಿ, ಹೆಸರು ಬ್ಯಾಡ. ಒಂದು ಒಲಿ, ಒಂದು ಕುಟುಂಬ. ಪ್ರೆಸ್ಸಿನ ಕಾಯ್ದೆ ಅಂತ ಹೇಳ್ರಿ.”

ಅವನ ಮುಖ ಅರಳಿತು. ಮಾಲೀಕರು ಚಹಾ ತರಿಸಿದರು. ಅಂದಿನಿಂದ ಅದು ನಿಜವಾಗಿಯೂ ಪ್ರೆಸ್ಸಿನ ಕಾಯ್ದೆಯಾಯಿತು. ಎಷ್ಟು ಜಗಳ ಬಗೆಹರಿಸಿತೋ ಲೆಕ್ಕವಿಲ್ಲ. ಶಾಲೆಯ ಪುಸ್ತಕ ಎರಡು ಸಾಲಿನಲ್ಲಿ ಹೇಳಿದ್ದನ್ನು ನಾನು ನಾಲ್ಕು ಶಬ್ದದಲ್ಲಿ ಹೇಳಿದೆನಲ್ಲ ಎಂಬ ಹೆಮ್ಮೆ ಇತ್ತು.

ಇನ್ನು ನನ್ನ ಮನೆಯ ಮಾತು. ನಾನು ಎರಡನೆಯ ಇಯತ್ತೆಯಲ್ಲಿದ್ದಾಗ ಅವ್ವ ತೀರಿಕೊಂಡಳು. ಅದೇ ವರ್ಷ ಅಣ್ಣನ ಹೆಂಡತಿಯಾಗಿ ಗುರಮ್ಮ ವೈನಿ ಮನೆಗೆ ಬಂದಳು. ಅವಳಿಗೇ ಹದಿನೈದು ಹದಿನಾರು ವಯಸ್ಸು. ನನ್ನ ತಲೆಗೆ ಎಣ್ಣೆ ಹಚ್ಚಿದವಳು ಅವಳು, ಹುಮನಾಬಾದಿನ ಹೈಸ್ಕೂಲಿಗೆ ಬುತ್ತಿ ಕಟ್ಟಿ ಕಳಿಸಿದವಳು ಅವಳು. ಆ ವ್ಯಾಖ್ಯೆಗಳನ್ನೆಲ್ಲ ನಾನು ಬಾಯಿಪಾಠ ಮಾಡುವಾಗ ಎದುರಿಗೆ ಕೂತು, ಒಂದಕ್ಷರ ಬಾರದಿದ್ದರೂ, ನಾನು ತಡವರಿಸಿದ ಕಡೆ “ಹಾಂ, ಮುಂದ?” ಎನ್ನುತ್ತಿದ್ದವಳೂ ಅವಳೇ.

ಅಣ್ಣ ತೀರಿಹೋದ ಮೇಲೆ ವೈನಿ ಅಂಗಳದ ಆಚೆಯ ಕೋಣೆಯಲ್ಲಿ ಒಂದು ಮಣ್ಣಿನ ಒಲೆ ಹಾಕಿಕೊಂಡಳು. ಜಗಳವಲ್ಲ. ಅವಳು ಏಳುವುದು ನಾಲ್ಕಕ್ಕೆ, ನಮ್ಮಾಕೆ ಏಳುವುದು ಆರಕ್ಕೆ. ಗ್ಯಾಸಿನ ಮೇಲೆ ಸುಟ್ಟ ರೊಟ್ಟಿ ಅವಳ ನಾಲಿಗೆಗೆ ಹತ್ತುತ್ತಿರಲಿಲ್ಲ, ಅಷ್ಟೆ. ನಮ್ಮ ಮಕ್ಕಳು ಯಾವ ಕಡೆ ಒಳ್ಳೆಯ ವಾಸನೆ ಬರುತ್ತದೆಯೋ ಆ ಕಡೆ ಉಣ್ಣುತ್ತಿದ್ದರು.

ನನ್ನ ಕಿರಿಯ ಮಗಳು ಸುವರ್ಣಾಳ ಲಗ್ನ ಗೊತ್ತಾಯಿತು. ಹಿರಿಯರಿಬ್ಬರ ಲಗ್ನಗಳಲ್ಲಿ ಪಟ್ಟಿಯ ಮೊದಲಿಗೆ ಅಣ್ಣನ ಹೆಸರಿತ್ತು, ಉಗ್ರಾಣದ ಕೀಲಿ ವೈನಿಯ ಸೊಂಟದಲ್ಲಿತ್ತು. ಈಗ ಅಣ್ಣನಿಲ್ಲ. ವೈನಿಯ ಹೆಸರು ಹಾಕಬೇಕೇ? ಗಂಡನಿಲ್ಲದವಳ ಹೆಸರು ಮಂಗಳಪತ್ರಿಕೆಯಲ್ಲಿ ಬೇಡವೆಂದು ಬೀಗರು ಸೂಕ್ಷ್ಮವಾಗಿ ಹೇಳಿ ಕಳಿಸಿದರು. ಶರಣರ ಊರಿನಲ್ಲಿ ನಲವತ್ತು ವರ್ಷ ಕೆಲಸ ಮಾಡಿದವನು ನಾನು. ಇದು ಎಂಥ ಮಾತು ಎಂದು ನನಗೆ ಗೊತ್ತಿತ್ತು. ಹಾಗೆಂದು ಬೀಗರ ಎದುರು ಹೇಳುವ ಧೈರ್ಯ ಸಾಲಲಿಲ್ಲ. ಆಗ ನನ್ನ ಕಾಯ್ದೆ ನೆನಪಾಯಿತು. ಒಲೆ ಎರಡು, ಹೆಸರು ಬೇಡ, ಪತ್ರಿಕೆ ಕೊಟ್ಟರಾಯಿತು. ವ್ಯಾಖ್ಯೆಗೆ ಇಂಥದೊಂದು ಉಪಯೋಗ ಇರುವುದನ್ನು ಶಾಲೆಯಲ್ಲಿ ಕಲಿಸಿರಲಿಲ್ಲ: ಅದರ ಹಿಂದೆ ಒಬ್ಬ ಮನುಷ್ಯ ಆರಾಮಾಗಿ ಅಡಗಿ ಕೂರಬಹುದು.

ನಮ್ಮಾಕೆ ತಡೆದಳು. “ವೈನಿಗಿ ಪತ್ರಿಕಾ ಕೊಡಾಕತ್ತೀರೇನು? ತಲಿ ನೆಟ್ಟಗ ಅದನೋ ಇಲ್ಲೋ?”

“ಮರ್ಯಾದಿ ಕೊಟ್ಟಂಗ ಆಗ್ತದ” ಎಂದೆ. ನಾಲ್ಕೂ ಮೂಲೆಗೆ ಅರಿಶಿಣ ಹಚ್ಚಿ, ದುಂಡಗಿನ ಅಕ್ಷರದಲ್ಲಿ ‘ಶ್ರೀಮತಿ ಗುರಮ್ಮ ಅವರಿಗೆ’ ಎಂದು ಬರೆದು, ಅಂಗಳ ದಾಟಿ ಹೋಗಿ ಕೊಟ್ಟೆ. ವೈನಿ ಎರಡೂ ಕೈಯಿಂದ ತೆಗೆದುಕೊಂಡಳು. ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಇದ್ರಾಗ ಏನು ಬರದದ ಶರಣಪ್ಪಾ?”

“ಲಗ್ನಕ್ಕ ಬರಬೇಕು ಅಂತ ಬರದದ ವೈನಿ.”

“ಹೌದಾ” ಎಂದಳು. ಪತ್ರಿಕೆಯನ್ನು ಸೆರಗಿನಲ್ಲಿ ಸುತ್ತಿಕೊಂಡು, “ಬರ್ತೀನ್ರಿ” ಎಂದಳು. ಅರವತ್ತು ವರ್ಷ ‘ನೀ’ ಎಂದವಳು.

ಹುಮನಾಬಾದಿನ ಮಂಗಲ ಕಾರ್ಯಾಲಯದಲ್ಲಿ ಲಗ್ನ. ಮನೆಯವರೆಲ್ಲ ನಸುಕಿನಲ್ಲಿ ಜೀಪಿನಲ್ಲಿ ಹೋದೆವು. ವೈನಿ “ನೀವು ನಡೀರಿ” ಎಂದವಳು ಹನ್ನೊಂದಕ್ಕೆ ಊರಿನಿಂದ ಬಂದ ಉಳಿದವರ ಜೊತೆ ಬಸ್ಸಿನಲ್ಲಿ ಇಳಿದಳು. ಇಸ್ತ್ರಿ ಮಾಡಿದ ಸೀರೆ. ಹೆಂಗಸರ ಸಾಲಿನಲ್ಲಿ ಕೂತಳು. ಅಡುಗೆಮನೆಯ ಕಡೆ ತಲೆ ಕೂಡ ತಿರುಗಿಸಲಿಲ್ಲ. ಆಹೇರಿ ಕೊಡುವ ಹೊತ್ತಿಗೆ ತಾನೂ ಸಾಲಿನಲ್ಲಿ ನಿಂತಳು. ಕಾಣಿಕೆ ಕೊಟ್ಟವರ ಹೆಸರು ಕೂಗುವವನು ಮೈಕಿನಲ್ಲಿ, “ಹುಡಗಿ ಗ್ರಾಮದ ಗುರಮ್ಮ ಅವರಿಂದ ಒಂದು ಸೀರೆ” ಎಂದು ಕೂಗಿದ. ಸುವರ್ಣಾ ಅಕ್ಷತೆಯ ತಲೆಯೆತ್ತಿ ನನ್ನ ಕಡೆ ನೋಡಿದಳು. ಆ ನೋಟದ ಬಗ್ಗೆ ಬರೆಯಲಾರೆ.

ಊಟವಾದ ಮೇಲೆ ವೈನಿ ನನ್ನ ಹತ್ತಿರ ಬಂದು ಕೈಮುಗಿದಳು. “ಊಟ ಚೊಲೋ ಆಗ್ಯಾದ್ರಿ. ಬರ್ತೀನ್ರಿ.”

ಎಲ್ಲವೂ ಸರಿಯಾಗಿಯೇ ಇತ್ತು. ಕರೆದವರ ಮನೆಗೆ ಕರೆಸಿಕೊಂಡವರು ಹೇಗೆ ಬರಬೇಕೋ ಹಾಗೆ ಬಂದಳು, ಹಾಗೇ ಹೋದಳು. ಯಾರನ್ನು ಕರೆಯುವ ಅಗತ್ಯವೇ ಬೀಳುವುದಿಲ್ಲವೋ ಅವರೇ ಮನೆಯವರು ಎಂಬುದು ಸಾವಿರಾರು ಪತ್ರಿಕೆ ಅಚ್ಚು ಹಾಕಿದ ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ತಪ್ಪು ತಿದ್ದುವುದು ನನ್ನ ಕಸುಬು. ಇದನ್ನೂ ತಿದ್ದಲು ಹೋದೆ. ಹಬ್ಬಕ್ಕೆ ನಾನೇ ಹೋಗಿ ಕರೆದೆ, ಮುಂದಿನ ಹಬ್ಬಕ್ಕೆ ಹೆಂಡತಿಯನ್ನೂ ಕರೆದುಕೊಂಡು ಹೋಗಿ ಕರೆದೆ, ಸುವರ್ಣಾಳ ಸೀಮಂತಕ್ಕೆ ತೆಂಗಿನಕಾಯಿ ಕೊಟ್ಟು ಕರೆದೆ. ಪ್ರತಿಸಲವೂ ಬಂದಳು, ಉಂಡಳು, ಕೈಮುಗಿದು ಹೋದಳು. ಕರೆದಷ್ಟೂ ಅವಳು ದೂರವಾಗುತ್ತಾಳೆ ಎಂದು ತಿಳಿಯಲು ನನ್ನಂಥ ಜಾಣನಿಗೆ ನಾಲ್ಕು ವರ್ಷ ಬೇಕಾದವು.

ಹೋದ ತಿಂಗಳು ಒಂದು ಬೆಳಿಗ್ಗೆ ಕರೆಯುವುದನ್ನು ಬಿಟ್ಟು, ನಾನೇ ಹೋಗಿ ಅವಳ ಒಲೆಯ ಮುಂದೆ ಕೂತೆ.

“ಯಾಕ್ರಿ? ಮನ್ಯಾಗ ಅಡಗಿ ಆಗಿಲ್ಲೇನು?”

“ಆಗ್ಯಾದ. ಹಸಿವಾಗ್ಯಾದ, ಬಂದೀನಿ.”

ಅವಳು ನನ್ನನ್ನೇ ನೋಡಿದಳು. ಮಣೆ ಸರಿಸಿದಳು. ಮೂಲೆಯ ಬುಟ್ಟಿಯಲ್ಲಿ ಬಟ್ಟೆ ಮುಚ್ಚಿದ ನಿನ್ನೆಯ ರೊಟ್ಟಿ ಇದ್ದವು. ನಮ್ಮ ಕಡೆ ಮನೆಯವರಿಗೆ ಬೆಳಿಗ್ಗೆ ಕೊಡುವುದು ಅದನ್ನೇ, ಮೇಲೆ ಮೊಸರು ಹಾಕಿ. ವೈನಿ ಆ ಬುಟ್ಟಿ ಮುಟ್ಟಲಿಲ್ಲ. ಹೊಸದಾಗಿ ಹಿಟ್ಟು ನಾದಿ, ಬಿಸಿ ರೊಟ್ಟಿ ಬಡಿದು, ತುಪ್ಪ ಸವರಿ ಇಟ್ಟಳು.

“ವೈನಿ, ಆ ತಂಗಳ ರೊಟ್ಟಿ ಕೊಡ್ರಿ.”

“ಛೇ, ಅದು ನಮಗ. ಬಂದವರಿಗಿ ಹ್ಯಾಂಗ ಹಾಕಲಿ?”

ಬಿಸಿ ರೊಟ್ಟಿ ತಿಂದು ಬಂದೆ. ಮರುದಿನವೂ ಹೋದೆ, ಮತ್ತೆ ತುಪ್ಪ. ಈಗ ದಿನವೂ ಹೋಗುತ್ತೇನೆ. ಬಾಯಲ್ಲಿ ನಾಲ್ಕು ಹಲ್ಲು ಉಳಿದಿವೆ, ತಂಗಳು ರೊಟ್ಟಿಯ ಆಸೆ ನಿಮಗೇಕೆ ಎಂದು ನಮ್ಮಾಕೆ ನಗುತ್ತಾಳೆ. ವೈನಿಗೆ ಎಂಬತ್ತು ದಾಟಿದೆ. ನನಗೆ ಅವಸರವಿದೆ, ಅವಳಿಗೆ ಇದ್ದಂತಿಲ್ಲ.