ಆರು ಓಟಿನ ವಕೀಲರು

ಯಾರಾದರೂ ನನ್ನ ಹತ್ತಿರ ಒಂದು ಒಳ್ಳೆಯ ವಿಚಾರ ಹೇಳಲು ಬಂದರೆ ನಾನು ಮೊದಲು ನೋಡುವುದು ಅವರ ಹೆಂಡತಿಯ ಮುಖವನ್ನು. ಆಕೆ ಎದುರಿಗಿಲ್ಲದಿದ್ದರೆ ಊಹಿಸಿಕೊಳ್ಳುತ್ತೇನೆ. ಆ ಮುಖದಲ್ಲಿ ದಣಿವಿದ್ದರೆ ವಿಚಾರ ದೊಡ್ಡದು. ಸಿಟ್ಟಿದ್ದರೆ ಇನ್ನೂ ದೊಡ್ಡದು. ಏನೂ ಇಲ್ಲದೆ ಸುಣ್ಣ ಬಳಿದ ಗೋಡೆಯ ಹಾಗಿದ್ದರೆ ಅದು ದೇಶವನ್ನೇ ಬದಲಾಯಿಸುವ ವಿಚಾರ ಎಂದು ತಿಳಿಯಬೇಕು. ಈ ಅಳತೆಗೋಲು ನನಗೆ ಸಿಕ್ಕಿದ್ದು ಗೌರಿಬಿದನೂರಿನಲ್ಲಿ, ವಕೀಲ ವೆಂಕಟರಾಯಪ್ಪನ ಮನೆಯಲ್ಲಿ. ನಾನಾಗ ಅಲ್ಲಿ ಹೈಸ್ಕೂಲು ಮೇಷ್ಟರು. ವೆಂಕಟರಾಯಪ್ಪ ನನ್ನ ಓರಗೆಯವನು, ನಾಗರಗೆರೆಯ ಜಮೀನ್ದಾರ ಮನೆತನದಲ್ಲಿ ಲಾ ಓದಿದ ಮೊದಲನೆಯವನು. ಕೇಸುಗಳು ಕಡಿಮೆ, ಓದು ಜಾಸ್ತಿ. ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯ ಹಿಡಿದುಕೊಂಡು ಬಂದವರನ್ನು ಕೂರಿಸಿ, ರಾಜಿಯಾಗಿ ಹೋಗಿ ಎಂದು ಬುದ್ಧಿ ಹೇಳಿ ಕಳಿಸುತ್ತಿದ್ದ. ಅವರು ರಾಜಿಯಾಗುತ್ತಿರಲಿಲ್ಲ, ಬೇರೆ ವಕೀಲರ ಹತ್ತಿರ ಹೋಗುತ್ತಿದ್ದರು.

ಅವನಿಗೆ ಬೆಂಗಳೂರಿನ ಫುಟ್‌ಪಾತಿನಲ್ಲಿ ಒಂದು ಹಳೆಯ ಪುಸ್ತಕ ಸಿಕ್ಕಿತು. ಅಮೆರಿಕದ ಯಾವುದೋ ಶಾಲೆಯ ಮಕ್ಕಳಿಗೆ ಅಚ್ಚುಮಾಡಿದ್ದ ಪೌರನೀತಿಯ ಪಾಠ. ಅದರಲ್ಲಿ ವರ್ಮಾಂಟ್ ಎಂಬ ಪುಟ್ಟ ರಾಜ್ಯದ ವಿಷಯ ಬರುತ್ತಿತ್ತು. ಬೆಟ್ಟಗುಡ್ಡ, ಹಸು, ಹಾಲು. ಜನಸಂಖ್ಯೆ ನಮ್ಮ ಕೋಲಾರ ಜಿಲ್ಲೆಯಷ್ಟೂ ಇಲ್ಲ. ಅಲ್ಲಿನ ಜನ ಎರಡು ವರ್ಷಕ್ಕೊಮ್ಮೆ ಹೋಗಿ ರಾಜ್ಯದ ಗವರ್ನರನ್ನು ತಾವೇ ಆರಿಸುತ್ತಾರೆ. ಅಷ್ಟಕ್ಕೇ ಬಿಡುವುದಿಲ್ಲ. ಅವನ ಕೈಕೆಳಗಿನ ಉಪಗವರ್ನರ್, ಬೊಕ್ಕಸ ನೋಡಿಕೊಳ್ಳುವ ಖಜಾಂಚಿ, ಕಾಗದಪತ್ರ ಕಾಯುವ ಕಾರ್ಯದರ್ಶಿ, ಲೆಕ್ಕ ತಪಾಸಣೆಯವನು, ಸರ್ಕಾರದ ದೊಡ್ಡ ವಕೀಲ, ಇಷ್ಟು ಜನರನ್ನೂ ಇಡೀ ರಾಜ್ಯ ಒಬ್ಬೊಬ್ಬರಿಗೆ ಒಂದೊಂದು ಓಟು ಹಾಕಿ ಆರಿಸುತ್ತದೆ. ಒಬ್ಬ ಪ್ರಜೆ, ಆರು ಓಟು. ವೆಂಕಟರಾಯಪ್ಪ ಇದನ್ನು ನನಗೆ ಓದಿ ಹೇಳಿದಾಗ ಅವನ ದನಿ ಬೀದಿಗೆ ಕೇಳಿಸುತ್ತಿತ್ತು. ಒಳಗಡೆ ರಾಗಿ ಕೇರುತ್ತಿದ್ದ ಅವನ ಹೆಂಡತಿ ನಂಜಮ್ಮ ತಲೆಯೆತ್ತಿ ನೋಡಿದರು. ಆವತ್ತು ಆ ಮುಖದಲ್ಲಿ ಇನ್ನೂ ಬರೀ ದಣಿವಿತ್ತು.

ಅವನ ವಾದ ಸರಳ. ನಾವು ಒಬ್ಬ ಎಂ.ಎಲ್.ಎ.ಯನ್ನು ಆರಿಸಿ ಕಳಿಸುತ್ತೇವೆ. ಅವನು ಬೆಂಗಳೂರಿಗೆ ಹೋಗಿ ಯಾರ ಹಿಂದೆ ನಿಲ್ಲುತ್ತಾನೋ ನಮಗೆ ತಿಳಿಯದು. ಮಂತ್ರಿಗಳನ್ನು ಆರಿಸುವವರು ಬೇರೆ, ರಾಜ್ಯಪಾಲರನ್ನು ಕಳಿಸುವವರು ದೆಹಲಿಯವರು. ಲೆಕ್ಕ ನೋಡುವವನು ಯಾರೋ, ಅವನನ್ನು ಕಂಡವರೇ ಇಲ್ಲ. ಮನೆ ಯಜಮಾನ ನಾನೇ ಆದ ಮೇಲೆ ಅಡುಗೆಯವನನ್ನೂ ಕಾವಲುಗಾರನನ್ನೂ ನಾನೇ ಗೊತ್ತುಮಾಡಬಾರದೆ?

ನನಗೆ ಇದರಲ್ಲಿ ತಪ್ಪು ಕಾಣಲಿಲ್ಲ. ಆದರೆ ನಮ್ಮ ಭಾಷೆಯೇ ಅವನ ವಿರುದ್ಧ ಸಾಕ್ಷಿ ಹೇಳುತ್ತಿತ್ತು. ನಾವು ಓಟಿಗೆ ಇಟ್ಟುಕೊಂಡ ಹೆಸರು ಮತ. ಮತವೆಂದರೆ ಅಭಿಪ್ರಾಯವೂ ಹೌದು, ಹುಟ್ಟಿನಿಂದ ಬಂದ ಧರ್ಮವೂ ಹೌದು. ಮೊದಲನೆಯದನ್ನು ಬದಲಾಯಿಸಬಹುದು, ಎರಡನೆಯದನ್ನು ಬದಲಾಯಿಸಿದರೆ ನೆಂಟರು ಮನೆಗೆ ಸೇರಿಸುವುದಿಲ್ಲ. ಸಾಲದ್ದಕ್ಕೆ ಅದರ ಬಾಲಕ್ಕೆ ದಾನ ಎಂದು ಬೇರೆ ಸೇರಿಸಿದ್ದೇವೆ. ಗೋದಾನ, ಕನ್ಯಾದಾನ, ಮತದಾನ. ದಾನ ಕೊಟ್ಟ ಮೇಲೆ ಹಸು ಹಾಲು ಕರೆಯಿತೇ ಎಂದು ಕೇಳುವುದು ಮರ್ಯಾದಸ್ಥರ ಲಕ್ಷಣವಲ್ಲ. ಚೋಳರ ಕಾಲದಲ್ಲಿ ಓಲೆಗರಿಯಲ್ಲಿ ಹೆಸರು ಬರೆದು ಗಡಿಗೆಗೆ ಹಾಕಿ ಎತ್ತುತ್ತಿದ್ದರಂತೆ, ಹಿಂದೆ ಲೆಕ್ಕ ಒಪ್ಪಿಸದವನ ಹೆಸರನ್ನು ಗಡಿಗೆಯ ಹತ್ತಿರವೂ ಬಿಡುತ್ತಿರಲಿಲ್ಲವಂತೆ. ಇದನ್ನು ಹೇಳಿದ್ದಕ್ಕೆ ವೆಂಕಟರಾಯಪ್ಪ ನನ್ನನ್ನು ತಬ್ಬಿಕೊಂಡು, ನೋಡು, ನಮ್ಮ ಕಡೆ ಇತ್ತು, ವರ್ಮಾಂಟಿನವರು ಉಳಿಸಿಕೊಂಡರು, ನಾವು ಕಳೆದುಕೊಂಡೆವು ಎಂದ. ನಾನು ಹೇಳಿದ್ದು ತಮಿಳುಸೀಮೆಯ ಶಾಸನದ ಮಾತು. ಅವನ ಸಂತೋಷ ನೋಡಿ ಗಡಿ ತಕರಾರು ತೆಗೆಯಲಿಲ್ಲ.

ಐವತ್ತೇಳರ ಚುನಾವಣೆಗೆ ಅವನು ಪಕ್ಷೇತರನಾಗಿ ನಿಂತ. ಗುರುತು ಏಣಿ. ಶಿಡ್ಲಘಟ್ಟ, ಚಿಂತಾಮಣಿ ತನ್ನ ಕ್ಷೇತ್ರವಲ್ಲದಿದ್ದರೂ ಅಲ್ಲಿಗೂ ಹೋಗಿ ಭಾಷಣ ಮಾಡಿ ಬಂದ. ವಿಚಾರಕ್ಕೆ ಕ್ಷೇತ್ರವಿಲ್ಲ ಎಂಬುದು ಅವನ ನಂಬಿಕೆ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವವರು ಪೂರ್ತಿ ಕೇಳಿ, ನೀವು ಹೇಳುವ ಆ ಖಜಾಂಚಿ ಬಂದರೆ ಗೂಡಿನ ರೇಟು ಇಳಿಯುತ್ತದೆಯೇ ಎಂದು ಕೇಳಿದರಂತೆ. ಇಲ್ಲ ಎಂದನಂತೆ. ಅವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ರಾಜಕೀಯದಲ್ಲಿ ಅದು ಕುಂಟುತನವಿದ್ದ ಹಾಗೆ, ದೂರದಿಂದಲೇ ಗೊತ್ತಾಗುತ್ತದೆ.

ಆಗ ಒಬ್ಬೊಬ್ಬ ಉಮೇದುವಾರನಿಗೂ ಒಂದೊಂದು ಡಬ್ಬಿ, ಡಬ್ಬಿಯ ಮೇಲೆ ಅವನ ಗುರುತು. ಮರೆಯಲ್ಲಿ ಹೋಗಿ ಬೇಕಾದ ಡಬ್ಬಿಗೆ ಚೀಟಿ ಹಾಕಿ ಬರಬೇಕು. ಎಣಿಕೆಯಾದಾಗ ವೆಂಕಟರಾಯಪ್ಪನ ಠೇವಣಿ ಹೋಗಿತ್ತು. ಅದಕ್ಕೆ ಅವನು ಸಿದ್ಧನಾಗಿಯೇ ಇದ್ದ. ಸಿದ್ಧನಾಗಿಲ್ಲದಿದ್ದುದು ನಾಗರಗೆರೆಯ ಡಬ್ಬಿಗೆ. ಅವನು ಹುಟ್ಟಿದ ಊರು, ಬೀದಿ ತುಂಬ ನೆಂಟರು. ಆ ಡಬ್ಬಿ ಅಲ್ಲಾಡಿಸಿದರೆ ಸದ್ದಾಗುವಷ್ಟು ಖಾಲಿ. ಮರುವಾರ ಇಬ್ಬರೂ ಊರಿಗೆ ಹೋದೆವು. ಅವನನ್ನು ಎತ್ತಿ ಆಡಿಸಿದ ದೊಡ್ಡಮ್ಮ ಬಾಗಿಲಲ್ಲೇ ಗಲ್ಲ ಸವರಿ, ಗಡಿಸೀಮೆಯ ತೆಲುಗಿನಲ್ಲಿ, “ನೀ ಡಬ್ಬಾಕಿ ದಂಡಂ ಪೆಟ್ಟಿನಾನು ನಾಯನಾ” ಎಂದರು. ಅವನ ಡಬ್ಬಿಗೆ ಅವರು ಕೈಮುಗಿದು ಬಂದಿದ್ದರು. ಮನೆ ಮಗನ ಡಬ್ಬಿ, ಮುಗಿಯದೆ ಇರುವುದುಂಟೆ? ಚೀಟಿಯನ್ನು ಮಾತ್ರ ಶಾನುಭೋಗರು ಹೇಳಿದ ಡಬ್ಬಿಗೆ ಹಾಕಿದ್ದರು.

ದೊಡ್ಡಪ್ಪ ಹೊರಗೆ ಕಲ್ಲುಚಪ್ಪಡಿಯ ಮೇಲೆ ಕೂತಿದ್ದವರು ಇನ್ನೂ ಸ್ಪಷ್ಟವಾಗಿ ಹೇಳಿದರು. “ಬೇಜಾರು ಮಾಡ್ಕೋಬೇಡ ಕಣಪ್ಪ. ಈಗ ಒಂದು ಕೆಲಸ ಆಗ್ಬೇಕಂದ್ರೆ ಒಬ್ರ ಮನೆ ಬಾಗಿಲು ಕಾಯ್ತೀವಿ. ನೀನು ಆರು ಬಾಗಿಲು ಮಾಡ್ತೀನಿ ಅಂತೀಯ. ನಮ್ಮ ಕಾಲಲ್ಲಿ ಅಷ್ಟು ಶಕ್ತಿ ಎಲ್ಲಿದೆ?”

ಅವನಿಗೆ ಇದಕ್ಕೆ ಉತ್ತರ ಬಸ್ಸಿನಲ್ಲಿ ಹೊಳೆಯಿತು. ನನಗೆ ಹೇಳಿದ, ಬಹಳ ಚೆನ್ನಾಗಿತ್ತು. ಓಟು ನನ್ನದಾಗಿರಲಿಲ್ಲ, ದೊಡ್ಡಪ್ಪನದಾಗಿತ್ತು.

ಅರವತ್ತೆರಡರಲ್ಲಿ ಮತ್ತೆ ನಿಂತ. ಈ ಸಲ ಆಳುವ ಪಕ್ಷದವರು ಬಂದು, ಹಿಂದಕ್ಕೆ ಸರಿದರೆ ಸರ್ಕಾರಿ ವಕೀಲರ ಕೆಲಸ ಕೊಡಿಸುತ್ತೇವೆ ಎಂದರು. ಸರ್ಕಾರಿ ವಕೀಲನನ್ನು ಜನ ಆರಿಸಬೇಕು ಎಂದು ಐದು ವರ್ಷ ಕೂಗಿದವನಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಅವರನ್ನು ಮೆಟ್ಟಿಲಿಳಿಸಿ ಬಂದ. ನಂಜಮ್ಮ ಒಳಗಿನಿಂದ ಎಲ್ಲ ಕೇಳಿಸಿಕೊಂಡರು. ಅವರ ಮುಖ ಗೋಡೆಯಾದದ್ದು ಅವತ್ತೇ. ಆ ಸಲವೂ ಸೋತ, ಮೊದಲಿಗಿಂತ ಚೆನ್ನಾಗಿ. ಊರಲ್ಲಿ ಅವನಿಗೆ ‘ಆರು ಓಟಿನ ವಕೀಲರು’ ಎಂದು ಹೆಸರು ಬಿತ್ತು. ಆರು ಓಟಿನ ಬಗ್ಗೆ ಮಾತಾಡುವವರೆಂದೋ, ಅವರಿಗೆ ಬೀಳುವುದು ಅಷ್ಟೇ ಎಂದೋ, ಹೇಳುವವರ ನಗುವಿನಿಂದ ತಿಳಿದುಕೊಳ್ಳಬೇಕಿತ್ತು. ಆದರೂ ಅವನು ಮುರಿಯಲಿಲ್ಲ. ನಮ್ಮವರಿಗೆ ಇನ್ನೂ ಕಾಲ ಬಂದಿಲ್ಲ, ಎಲ್ಲೋ ಒಂದು ಕಡೆ ಇದು ನಡೀತಾ ಇದೆಯಲ್ಲ, ಅಷ್ಟು ಸಾಕು ಎನ್ನುತ್ತಿದ್ದ.

ಹೀಗಿರುವಾಗ ಒಂದು ದಿನ ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಒಬ್ಬ ಬಿಳಿಯ ಯುವಕ ಬಂದು ಕೂತ. ಪೆರೇಸಂದ್ರದ ಕಡೆ ರೈತರಿಗೆ ಕೋಳಿ ಸಾಕುವುದನ್ನು ಕಲಿಸಲು ಅಮೆರಿಕದಿಂದ ಬಂದಿದ್ದವನು. ಹೆಸರು ಪೀಟರ್, ಹಳ್ಳಿಯವರು ಪೀಟರಪ್ಪ ಮಾಡಿದ್ದರು. ಕನ್ನಡ ಅಲ್ಪಸ್ವಲ್ಪ ಬರುತ್ತಿತ್ತು. ಯಾವ ಊರಪ್ಪ ಎಂದೆ. ಅವನು ವರ್ಮಾಂಟ್ ಎಂದ. ನಾನು ಹತ್ತಬೇಕಾದ ಬಸ್ಸು ಹೋಯಿತು.

ಮುಂದಿನ ಭಾನುವಾರ ಅವನನ್ನು ಗೌರಿಬಿದನೂರಿಗೆ ಕರೆದುಕೊಂಡು ಹೋದೆ. ವೆಂಕಟರಾಯಪ್ಪ ಕೋರ್ಟಿನ ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. ನಂಜಮ್ಮ ಹಿತಕಿದ ಅವರೆಬೇಳೆಯ ಸಾರು, ಮುದ್ದೆ ಮಾಡಿದ್ದರು. ನಾಲ್ಕಾರು ವಕೀಲರು, ಇಬ್ಬರು ಮೇಷ್ಟರುಗಳು, ಹಿಂದೆ ನಕ್ಕವರೂ ಸೇರಿ ಜಗಲಿ ತುಂಬ ಕೂತಿದ್ದರು. ಪೀಟರ್ ಮುದ್ದೆಯನ್ನು ಅಗಿದ, ನಂಜಮ್ಮ ನುಂಗುವುದು ಹೇಗೆಂದು ತೋರಿಸಿದರು, ಎಲ್ಲರೂ ನಕ್ಕರು. ಅಷ್ಟು ವರ್ಷಗಳಲ್ಲಿ ಆ ಮನೆಯಲ್ಲಿ ನಾನು ಕಂಡ ಸಂತೋಷದ ಹೊತ್ತು ಅದೊಂದೇ. ಊಟವಾದ ಮೇಲೆ ವೆಂಕಟರಾಯಪ್ಪ ಗಂಟಲು ಸರಿಮಾಡಿಕೊಂಡು ಇಂಗ್ಲಿಷಿನಲ್ಲಿ, ನಿಮ್ಮ ರಾಜ್ಯದ ಈಗಿನ ಲೆಕ್ಕ ತಪಾಸಣಾಧಿಕಾರಿ ಯಾರು, ಅವರನ್ನು ಯಾವ ಗುಣ ನೋಡಿ ಆರಿಸಿದಿರಿ ಎಂದು ಕೇಳಿದ. ಎಲ್ಲರಿಗೂ ಕೇಳಲಿ ಎಂದು ನಾನು ಕನ್ನಡದಲ್ಲಿ ಹೇಳುತ್ತ ಹೋದೆ.

ಪೀಟರ್ ಯೋಚಿಸಿದ. ಗೊತ್ತಿಲ್ಲ ಎಂದ.

ಖಜಾಂಚಿ? ಅದೂ ಗೊತ್ತಿರಲಿಲ್ಲ. ಗವರ್ನರ್ ಹೆಸರು ಹೇಳಿದ. ತಾನು ಓಟು ಹಾಕಿದ್ದು ಒಂದೇ ಸಲ ಎಂದ. ಅವನ ತಂದೆ, ತಾತ ಎಲ್ಲರೂ ಒಂದೇ ಪಕ್ಷದ ಹೆಸರುಗಳಿಗೆ ಮೇಲಿನಿಂದ ಕೆಳಗಿನವರೆಗೆ ಗುರುತು ಹಾಕಿಕೊಂಡು ಬರುತ್ತಾರಂತೆ. ತಾತ ಹುಟ್ಟುವ ಮೊದಲಿನಿಂದಲೂ ಅಲ್ಲಿ ಆ ಪಕ್ಷದ್ದೇ ಗವರ್ನರಂತೆ. ಈಗೀಗ ಒಂದು ಸಲ ಬದಲಾಗಿದ್ದಕ್ಕೆ ತಾತ ಊಟ ಬಿಟ್ಟಿದ್ದರಂತೆ. ಕೆಳಗಿನ ಹುದ್ದೆಗಳಿಗೆ ನಿಂತವರು ಯಾರೆಂದು ಯಾರೂ ನೋಡುವುದಿಲ್ಲ ಎಂದು ಅವನು ಸಹಜವಾಗಿ ಹೇಳಿದ, ನಾವು ಕೋಳಿಗಳಿಗೆ ಹೆಸರಿಡುವುದಿಲ್ಲ ಎನ್ನುವ ಹಾಗೆ. ಆಮೇಲೆ ಮನೆಯವರ ಮುಖ ನೋಡಿ ಏನೋ ತಪ್ಪಾಯಿತೆಂದು ಗೊತ್ತಾಗಿ, ಒಳ್ಳೆಯ ಹುಡುಗ, ಸಮಾಧಾನಕ್ಕೆ ಸೇರಿಸಿದ: ನಿಮ್ಮಲ್ಲಿ ಹೆಂಗಸರು ಅಷ್ಟು ದೂರ ಬಿಸಿಲಲ್ಲಿ ನಡೆದು ಬಂದು ಓಟು ಹಾಕುತ್ತಾರೆಂದು ಕೇಳಿದ್ದೇನೆ, ನಮ್ಮ ಊರಿನಲ್ಲಿ ಅದನ್ನು ಹೇಳಿದರೆ ನಂಬುವುದಿಲ್ಲ.

ಈ ಕೊನೆಯ ಮಾತನ್ನು ನಾನು ಎರಡು ಸಲ ಅನುವಾದ ಮಾಡಿದೆ. ವೆಂಕಟರಾಯಪ್ಪ ಒಂದು ಸಲವೂ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಅತಿಥಿಯನ್ನು ಬಸ್ಸಿನವರೆಗೆ ಕಳಿಸಿಬಂದ, ಕೈಕುಲುಕಿದ, ವಾಪಸು ಬರುವಾಗ ಕೋಟು ಬಿಚ್ಚಿ ತೋಳಿನ ಮೇಲೆ ಹಾಕಿಕೊಂಡ.

ಸೋತವನಿಗೆ ಇನ್ನೊಂದು ಚುನಾವಣೆ ಇರುತ್ತದೆ. ತನ್ನ ವಿಚಾರ ಗೆದ್ದ ಕಡೆಯೂ ಹೀಗೇ ಎಂದು ತಿಳಿದವನಿಗೆ ಏನಿರುತ್ತದೆ? ಕಾಶಿಗೆ ಹೋಗಲಾರದವನು ಕಾಶಿಯ ಆಸೆಯಲ್ಲಿ ಬದುಕುತ್ತಾನೆ. ಕಾಶಿಯವನೇ ಮನೆಗೆ ಬಂದು, ಗಂಗೆಯಲ್ಲಿ ನಾವ್ಯಾರೂ ಮುಳುಗುವುದಿಲ್ಲ ಸ್ವಾಮಿ, ಚಳಿ ಎಂದರೆ? ಅವನು ಓದುವುದು ಬಿಟ್ಟ. ಕೋರ್ಟಿಗೆ ಹೋಗಿ ಬಂದು ಜಗಲಿಯ ಮೇಲೆ ಕೂರುತ್ತಿದ್ದ. ಪಾಲಿನ ವ್ಯಾಜ್ಯ ತಂದವರಿಗೆ ಬುದ್ಧಿ ಹೇಳದೆ ಕೇಸು ಹಾಕುತ್ತಿದ್ದ. ಸಂಪಾದನೆ ಹೆಚ್ಚಿತು, ಮನೆಗೆ ರೇಡಿಯೋ ಬಂತು. ನಾನು ಹೋದರೆ ಮಳೆ, ಬೆಲೆ, ಮೊಣಕಾಲು ಇಷ್ಟೇ ಮಾತು. ಒಂದು ಸಂಜೆ ನಂಜಮ್ಮ ನನ್ನನ್ನು ಹಿತ್ತಲ ಬಾಗಿಲ ಹತ್ತಿರ ಕರೆದರು. ನಾಲ್ಕು ವರ್ಷ ಗೋಡೆಯಾಗಿದ್ದ ಆ ಮುಖ ಅಳುವುದನ್ನು ನಾನು ನೋಡಿದ್ದು ಅವತ್ತೇ.

“ಯಾವ್ದಾದ್ರೂ ಒಂದು ಹುಚ್ಚು ಹಿಡಿಸಿ ಅಣ್ಣಾ ಅವ್ರಿಗೆ,” ಎಂದರು. “ಈ ಬುದ್ಧಿವಂತಿಕೆ ನನ್ ಕೈಲಿ ನೋಡಕ್ಕಾಗಲ್ಲ.”

ನಾನು ಪ್ರಯತ್ನಪಟ್ಟೆ. ಶಾಸನಗಳು ಎಂದೆ, ಹಳ್ಳಿ ವಾಚನಾಲಯ ಎಂದೆ, ಕೊನೆಗೆ ಕೋಳಿ ಎಂದೂ ಅಂದೆ. ಅವನು ಎಲ್ಲಕ್ಕೂ ಹೂಂ ಎನ್ನುತ್ತಿದ್ದ. ಹೂಂ ಎನ್ನುವವನನ್ನು ಬದಲಾಯಿಸುವುದು ಕಷ್ಟ, ವಾದಿಸುವವನೇ ವಾಸಿ.

ಅರವತ್ತೇಳರ ಚುನಾವಣೆ ಬಂತು. ಅವನು ನಿಲ್ಲಲಿಲ್ಲ, ಓಟು ಹಾಕಲೂ ಹೋಗುವುದಿಲ್ಲ ಎಂದ. ಕಾಲು ಉಳುಕಿದ್ದರಿಂದ ಆ ಸಲ ನನಗೆ ಚುನಾವಣೆಯ ಡ್ಯೂಟಿ ಇರಲಿಲ್ಲ. ಬೆಳಿಗ್ಗೆ ಕುಂಟಿಕೊಂಡು ಅವನ ಮನೆಗೆ ಹೋದೆ. ನಂಜಮ್ಮ ಆಗಲೇ ಹೊರಟು ನಿಂತಿದ್ದರು. ಅವನು, ಜನಕ್ಕೆ ಇದು ಯಾವುದೂ ಬೇಡ, ಇಲ್ಲಿನವರಿಗೂ ಬೇಡ, ಅಲ್ಲಿನವರಿಗೂ ಬೇಡ ಎಂದ. ಬಹಳ ದಿನದ ಮೇಲೆ ಬಂದ ಉದ್ದನೆಯ ವಾಕ್ಯ ಅದು.

ನಂಜಮ್ಮ ಸೆರಗು ಸರಿಮಾಡಿಕೊಳ್ಳುತ್ತ ಹೇಳಿದರು. “ಬೇಡ ಅಂತ ಅವ್ರು ಹೇಳಿದ್ದಾದ್ರೂ ಓಟು ಹಾಕೇ ಅಲ್ವಾ? ನೀವೂ ಬೇಡ ಅನ್ನೋದಿದ್ರೆ ಅಲ್ಲಿಗೆ ಬಂದು ಅನ್ನಿ. ಮನೇಲಿ ಕೂತು ನನ್ ಹತ್ರ ಯಾಕೆ ಅಂತೀರಿ?”

ಅವನು ಎದ್ದ. ಒಪ್ಪಿ ಎದ್ದನೋ, ಹೆಂಡತಿಯ ಮಾತು ತಪ್ಪಿಸಿಕೊಳ್ಳಲು ಎದ್ದನೋ ಇವತ್ತಿಗೂ ಹೇಳಲಾರೆ. ಮೂವರೂ ಶಾಲೆಯ ಮತಗಟ್ಟೆಗೆ ಹೋಗಿ ಸಾಲಿನಲ್ಲಿ ನಿಂತೆವು. ನಂಜಮ್ಮ ಹಾಕಿ ಬಂದರು, ನಾನು ಹಾಕಿ ಬಂದೆ. ಅವನ ಸರದಿಗೆ ಮೇಜಿನ ಹಿಂದಿನ ಯುವಕ ಹೆಸರು ಹುಡುಕಿ, ತಲೆ ಕೆರೆದುಕೊಂಡು, ನಿಮ್ಮ ಓಟು ಆಗಲೇ ಆಗಿದೆ ಸಾರ್ ಎಂದ. ಬೆಳಿಗ್ಗೆಯೇ ಯಾರೋ ಬಂದು ವಕೀಲ ವೆಂಕಟರಾಯಪ್ಪ ನಾನೇ ಎಂದು ಹೇಳಿ ಹಾಕಿ ಹೋಗಿದ್ದ.

ಸಾಲಿನಲ್ಲಿ ಯಾರೋ ನಕ್ಕರು. ನನಗೆ ಅವನ ಮುಖ ನೋಡಲು ಧೈರ್ಯ ಬರಲಿಲ್ಲ. ಆದರೆ ಅವನು ಕೋರ್ಟಿನಲ್ಲಿ ಮಾತಾಡುವ ದನಿಯಲ್ಲಿ, ನಿಯಮದ ಪ್ರಕಾರ ನನಗೆ ಟೆಂಡರ್ಡ್ ಓಟು ಕೊಡಿ ಎಂದ. ಅಂಥವರಿಗೆ ಬೇರೆ ಒಂದು ಚೀಟಿ ಕೊಡುತ್ತಾರೆ. ಗುರುತು ಹಾಕಿದ ಮೇಲೆ ಅದನ್ನು ಡಬ್ಬಿಗೆ ಹಾಕದೆ ಲಕೋಟೆಯಲ್ಲಿ ಇಡುತ್ತಾರೆ, ಎಣಿಸುವುದಿಲ್ಲ. ಅವನು ಚೀಟಿ ತೆಗೆದುಕೊಂಡು ಮರೆಗೆ ಹೋದ. ಬಹಳ ಹೊತ್ತು ಬರಲಿಲ್ಲ. ಅಷ್ಟು ಹೊತ್ತು ಯೋಚಿಸಿ ಹಾಕಿದ ಓಟು ಆ ದಿನ ಇಡೀ ತಾಲ್ಲೂಕಿನಲ್ಲಿ ಇನ್ನೊಂದಿರಲಾರದು.

ಹೊರಗೆ ಬಂದಾಗ ಬಿಸಿಲು ಏರಿತ್ತು. ನಂಜಮ್ಮ ಮುಂದೆ ಹೋಗುತ್ತಿದ್ದರು. ಎಣಿಸದ ಓಟಿಗೆ ಅಷ್ಟು ಹೊತ್ತು ಯಾಕೆ ತಗೊಂಡೆಯೋ ಎಂದು ಕೇಳಿದೆ.

“ಎಣಿಸೋ ಓಟಲ್ಲಿ ಯಾರು ಗೆಲ್ತಾರೆ ಅಂತ ನೋಡ್ಬೇಕು ಕಣೋ,” ಎಂದ. “ಇದ್ರಲ್ಲಿ ಯಾರು ಸರಿ ಅಂತ ಮಾತ್ರ ನೋಡಿದ್ರೆ ಸಾಕು. ಅದಕ್ಕೇ ಹೊತ್ತಾಯ್ತು.”

ಹಾಗಾದರೆ ಯಾರು ಸರಿ ಎಂದು ತೀರ್ಮಾನ ಮಾಡಿದೆ ಎಂದು ಕೇಳಿದೆ. ಅದು ಗುಪ್ತ ಮತದಾನ, ಹೇಳಬಾರದು ಎಂದ.